ಉಪಯೋಗ ಕೇಳದ ಯೋಚನೆಗೂ ಮನೆಯಲ್ಲಿ ಜಾಗ ಇರಲಿ



ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಒಂದು ಪ್ರಶ್ನೆ ಇದೆ: “ಇದರಿಂದ ಏನು ಉಪಯೋಗ?” ಏಳನೇ ತರಗತಿಯ ಹುಡುಗಿ, ನಾಳೆ ಯಾವಾಗಲೂ ನಾಳೆಯೇ ಆಗಿದ್ದರೆ ಅದು ಬರುವುದು ಯಾವಾಗ ಎಂದು ಕೇಳುತ್ತಾಳೆ. “ಇದು ಪರೀಕ್ಷೆಗೆ ಬರುತ್ತದಾ?” ಎಂದು ಅವಳ ಬಾಯಿ ಮುಚ್ಚಿಸುತ್ತೇವೆ. ಇಂಟರ್ ಓದುವ ಹುಡುಗ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಸಂಖ್ಯೆಗಳನ್ನು ಹಿಂದುಮುಂದು ಬರೆದು ಕೂಡಿ ಕಳೆಯುತ್ತಿರುತ್ತಾನೆ. “ಆ ಹೊತ್ತಿಗೆ ನಾಲ್ಕು ಲೆಕ್ಕ ಮಾಡಿದ್ದರೆ ಪ್ರವೇಶ ಪರೀಕ್ಷೆಗೆ ಆಗುತ್ತಿತ್ತು” ಎನ್ನುತ್ತೇವೆ. ಅಜ್ಜಿ ಒಗಟು ಹೇಳಲು ಶುರುಮಾಡಿದರೆ ಟಿವಿ ಸದ್ದು ಜಾಸ್ತಿಯಾಗುತ್ತದೆ.

ಉಪಯೋಗವನ್ನು ಕೇಳುವುದು ತಪ್ಪಲ್ಲ. ಗೊಬ್ಬರ ಕೊಳ್ಳುವಾಗ, ಕಾಲೇಜು ಆರಿಸುವಾಗ, ಸಾಲ ತೆಗೆಯುವಾಗ ಅದನ್ನು ಕೇಳಲೇಬೇಕು. ಆದರೆ ಪ್ರತಿಯೊಂದು ಯೋಚನೆಯೂ ಈ ಪ್ರಶ್ನೆಗೆ ಉತ್ತರ ಕೊಟ್ಟೇ ಒಳಗೆ ಬರಬೇಕು ಎಂದು ಬಾಗಿಲಲ್ಲಿ ಕಾವಲು ಹಾಕಿದ್ದೇವಲ್ಲ, ಅದರ ಬಗ್ಗೆ ಈ ಲೇಖನ. ಕೆಲವು ಯೋಚನೆಗಳು ಆಟದಂತೆ. ಅವು ಬೇರೆ ಯಾವುದಕ್ಕೂ ಮೆಟ್ಟಿಲಲ್ಲ, ತಮ್ಮಷ್ಟಕ್ಕೆ ಒಳ್ಳೆಯವು. ಅವಕ್ಕೆ ಜಾಗ ಕೊಡದ ಮನೆ ಬರೀ ನಗುವನ್ನಲ್ಲ, ವಿಶ್ವಾಸದ ಒಂದು ಭಾಗವನ್ನೂ ಕಳೆದುಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಆಟದ ಯೋಚನೆ ಎಂದರೆ ಮೊಬೈಲ್ ಗೇಮ್ ಅಲ್ಲ. ಅಲ್ಲಿ ಯೋಚಿಸುವ ಕೆಲಸವನ್ನು ಬೇರೆಯವರು ಮುಗಿಸಿಟ್ಟಿರುತ್ತಾರೆ, ನಮ್ಮದು ಬೆರಳು ಮಾತ್ರ. ನಾನು ಹೇಳುತ್ತಿರುವುದು ಒಂದು ಪದವನ್ನೋ ಸಂಖ್ಯೆಯನ್ನೋ ಸುಮ್ಮನೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದನ್ನು. ನಮ್ಮ ಗಡಿನಾಡಿನಲ್ಲಿ ಇದಕ್ಕೆ ಬೇಕಾದ ಸಾಮಾನು ದಂಡಿಯಾಗಿದೆ. 1953ರವರೆಗೆ ಆದೋನಿ, ಆಲೂರು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಇವತ್ತಿಗೂ ಈ ಕಡೆ ತೆಲುಗು, ಕನ್ನಡ ಎರಡೂ ಒಂದೇ ಕಟ್ಟೆಯ ಮೇಲೆ ಕೂರುತ್ತವೆ. ತೆಲುಗಿನಲ್ಲಿ ‘ಆವು’ ಎಂದರೆ ಹಸು. ಹಕಾರ ಬಿಟ್ಟು ಮಾತಾಡುವ ಕನ್ನಡಿಗನ ಬಾಯಲ್ಲಿ ‘ಆವು’ ಎಂದರೆ ಹಾವು. “ಮನೆಯೊಳಗೆ ಆವು ಬಂತು” ಎಂದು ಯಾರಾದರೂ ಕೂಗಿದರೆ ಹಗ್ಗ ತರಬೇಕೋ ಕೋಲು ತರಬೇಕೋ? ತೆಲುಗಿನಲ್ಲಿ ‘ಕುಡಿ’ ಎಂದರೆ ಬಲಗಡೆ, ಕನ್ನಡದಲ್ಲಿ ನೀರು ಕುಡಿ. ‘ಇಲ್ಲು’ ಎಂದರೆ ಮನೆ. “ನನಗೆ ಇಲ್ಲು ಇಲ್ಲ” ಎಂದರೆ ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಬಡತನ. ಇಂಥದ್ದನ್ನು ಹುಡುಕಿ ನಕ್ಕ ಮಗುವಿಗೆ ಒಂದು ಅಂಕವೂ ಸಿಗುವುದಿಲ್ಲ. ಆದರೂ ಅದರ ಕಣ್ಣು ಅರಳುತ್ತದೆ. ಆ ಅರಳುವಿಕೆಯೇ ನನ್ನ ವಿಷಯ.

ಕಲ್ಲಿನ ಮೇಲೂ ಇದೆ, ಕಾಗದದ ಮೇಲೂ ಇದೆ

ಇದು ಇವತ್ತಿನ ಪಟ್ಟಣದ ಮಕ್ಕಳ ಖಯಾಲಿ ಎಂದುಕೊಳ್ಳಬೇಡಿ. ಪತ್ತಿಕೊಂಡದ ಹತ್ತಿರದ ರಾಜುಲ ಮಂಡಗಿರಿಯಲ್ಲಿ, ಪತ್ತಿಕೊಂಡದಿಂದ ಗುತ್ತಿಯ ಕಡೆ ಹೋಗುವಾಗ ಸಿಗುವ ಎರ್ರಗುಡಿಯಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನಗಳಿವೆ. ಕ್ರಿಸ್ತಪೂರ್ವ 3ನೇ ಶತಮಾನದವು, ಬ್ರಾಹ್ಮೀ ಲಿಪಿಯವು. ಬ್ರಾಹ್ಮಿಯನ್ನು ಎಡದಿಂದ ಬಲಕ್ಕೆ ಬರೆಯುತ್ತಾರೆ. ಆದರೆ ಎರ್ರಗುಡಿಯ ಕಿರುಶಾಸನದಲ್ಲಿ ಲಿಪಿಕಾರ ಒಂದು ಸಾಲನ್ನು ಎಡದಿಂದ ಬಲಕ್ಕೆ ಬರೆದು, ಮುಂದಿನದನ್ನು ಬಲದಿಂದ ಎಡಕ್ಕೆ ತಿರುಗಿಸಿದ್ದಾನೆ, ಹಾಗೆ ಹಲವು ಸಾಲುಗಳಲ್ಲಿ. ಹೊಲ ಉಳುವ ಎತ್ತು ಕೊನೆಗೆ ಹೋಗಿ ತಿರುಗಿ ಬರುತ್ತದಲ್ಲ, ಹಾಗೆ. ಗ್ರೀಕರು ಈ ಬಗೆಯ ಬರವಣಿಗೆಗೆ ಇಟ್ಟ ಹೆಸರಿನ ಅರ್ಥವೂ ಎತ್ತು ತಿರುಗುವಂತೆ ಎಂದೇ. ಶಾಸನದ ವಿಷಯವೋ ಬಹಳ ಗಂಭೀರ: ತಂದೆತಾಯಿಯ ಮಾತು ಕೇಳಿ, ಗುರುಗಳನ್ನು ಗೌರವಿಸಿ, ಜೀವಿಗಳಲ್ಲಿ ದಯೆ ಇರಲಿ, ಸತ್ಯ ಹೇಳಿ. ಇಂಥ ರಾಜಾಜ್ಞೆಯನ್ನು ಬಂಡೆಗೆ ಕೆತ್ತುವಾಗಲೂ ಒಬ್ಬನ ಕೈ ಎತ್ತಿನ ಹಾಗೆ ತಿರುಗಿತು. ನನ್ನ ಕಣ್ಣಿಗೆ ಅದು ಆಟವಾಡುವ ಮನಸ್ಸಾಗಿಯೇ ಕಾಣುತ್ತದೆ.

ಕರ್ನಾಟಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಅಶೋಕನ ಶಾಸನವಿದೆ. ಅಲ್ಲಿ ಚಪಡ ಎಂಬ ಲಿಪಿಕಾರ ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ‘ಲಿಪಿಕಾರನಿಂದ’ ಎಂಬರ್ಥದ ಪದವೊಂದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ದೂರದ ವಾಯವ್ಯ ಭಾಗದ ಲಿಪಿ, ಬಲದಿಂದ ಎಡಕ್ಕೆ ಬರೆಯುವಂಥದ್ದು. ಬ್ರಹ್ಮಗಿರಿಯ ಸುತ್ತ ಅದನ್ನು ಓದಬಲ್ಲವರು ಯಾರಿದ್ದಾರು? ಆಜ್ಞೆ ರಾಜನದು. ಆ ಕೊನೆಯ ಒಂದು ಪದದ ಸಂತೋಷ ಮಾತ್ರ ಚಪಡನದು.

ಪತ್ತಿಕೊಂಡ ಎಂದರೆ ಇತಿಹಾಸ ಓದಿದವರಿಗೆ ನೆನಪಾಗುವ ಇನ್ನೊಂದು ಹೆಸರು ಸರ್ ಥಾಮಸ್ ಮನ್ರೋ. ಮದ್ರಾಸಿನ ಗವರ್ನರ್ ಆಗಿದ್ದ ಅವರು ಪ್ರವಾಸದಲ್ಲಿದ್ದಾಗ ಕಾಲರಾ ತಗುಲಿ 1827ರ ಜುಲೈ 6ರಂದು ಇಲ್ಲೇ ತೀರಿಕೊಂಡರು. ಜಮೀನಿನ ಅಳತೆ, ಕಂದಾಯ, ರೈತವಾರಿ ಪದ್ಧತಿ ಇವುಗಳಿಗೆ ಹೆಸರಾದವರು. ಅಂದರೆ ಲೆಕ್ಕದ ಮನುಷ್ಯ. ಅದೇ ಮನುಷ್ಯ ಸ್ಕಾಟ್ಲೆಂಡಿನಲ್ಲಿ ಹುಡುಗನಾಗಿದ್ದಾಗ ತಾನಾಗಿಯೇ ಸ್ಪ್ಯಾನಿಷ್ ಭಾಷೆ ಕಲಿತಿದ್ದರು. ಕಾರಣ ಇಷ್ಟೇ: ‘ಡಾನ್ ಕಿಹೋಟೆ’ ಕಾದಂಬರಿಯನ್ನು ಮೂಲದಲ್ಲೇ ಓದಬೇಕು ಎಂಬ ಆಸೆ. ಗಾಳಿಯಂತ್ರವನ್ನು ರಾಕ್ಷಸನೆಂದು ತಿಳಿದು ಈಟಿ ಹಿಡಿದು ನುಗ್ಗುವ ಬಡಕಲು ವೀರನ ಕಥೆ ಅದು. ಆ ನಗುವನ್ನು ನೇರವಾಗಿ ಸವಿಯಲು ಒಂದು ಇಡೀ ಭಾಷೆಯನ್ನೇ ಕಲಿಯುವ ಹುಡುಗ ಇವತ್ತು ನಮ್ಮ ಮನೆಯಲ್ಲಿದ್ದರೆ ನಾವು ಏನನ್ನುತ್ತಿದ್ದೆವು?

ಆ 1827 ಎಂಬ ವರ್ಷವನ್ನೇ ಕೈಗೆ ತೆಗೆದುಕೊಳ್ಳಿ. ಅದರ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 8721, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ 1278. ಕಳೆಯಿರಿ: 7443. ಮತ್ತೆ ಹಾಗೆಯೇ ಮಾಡಿ. 7443ರಲ್ಲಿ 3447 ಕಳೆದರೆ 3996. 9963ರಲ್ಲಿ 3699 ಕಳೆದರೆ 6264. 6642ರಲ್ಲಿ 2466 ಕಳೆದರೆ 4176. 7641ರಲ್ಲಿ 1467 ಕಳೆದರೆ 6174. ಇನ್ನೊಮ್ಮೆ ಮಾಡಿದರೂ ಮತ್ತೆ 6174! ಅಲ್ಲಿಂದ ಅದು ಕದಲುವುದೇ ಇಲ್ಲ. ನಾಲ್ಕೂ ಅಂಕಿಗಳು ಒಂದೇ ಆಗಿರದಿದ್ದರೆ ಸಾಕು, ನೀವು ಹುಟ್ಟಿದ ವರ್ಷವೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಇದನ್ನು 1949ರಲ್ಲಿ ಕಂಡುಹಿಡಿದವರು ಮಹಾರಾಷ್ಟ್ರದ ದೇವಳಾಲಿಯ ಶಾಲಾ ಶಿಕ್ಷಕ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಇದರಲ್ಲಿ ಏನಿದೆ ಎಂದು ಮೂಗು ಮುರಿದ ಗಣಿತಜ್ಞರೂ ಇದ್ದರು. ಕಾಪ್ರೇಕರ್ ಆಡುವುದನ್ನು ಬಿಡಲಿಲ್ಲ. ಇವತ್ತು 6174 ಅವರ ಹೆಸರಿನಿಂದಲೇ ಜಗತ್ತಿಗೆ ಪರಿಚಿತ.

ಕನ್ನಡ ನಾಡಿಗೆ ಇದು ಹೊಸದೂ ಅಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ವ್ಯಾಪಾರ, ಬಡ್ಡಿ, ಅಳತೆಗಳ ಲೆಕ್ಕದ ನಡುವೆ ಅವರು ಹಾರದಂತೆ ಕಾಣುವ ಗುಣಲಬ್ಧಗಳನ್ನೂ ಇಟ್ಟಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 27994681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಹಾರ. ಇದರಿಂದ ಯಾವ ವ್ಯಾಪಾರಿಗೂ ಒಂದು ಕಾಸು ಉಳಿಯುವುದಿಲ್ಲ. ಚೆಂದ ಕಂಡಿತು, ಪುಸ್ತಕದಲ್ಲಿ ಸೇರಿಸಿದರು.

ಪವಿತ್ರ ಗ್ರಂಥದಲ್ಲಿ ಆಟ

“ಇದೆಲ್ಲ ಸರಿ, ಇದಕ್ಕೂ ನಮ್ಮ ವಿಶ್ವಾಸಕ್ಕೂ ಏನು ಸಂಬಂಧ?” ಎಂದು ಕೇಳುವವರು ಬೈಬಲ್‌ನಲ್ಲಿ 119ನೇ ಕೀರ್ತನೆಯನ್ನು ತೆಗೆಯಿರಿ. 176 ವಚನಗಳು, ಕೀರ್ತನೆಗಳಲ್ಲೇ ಅತಿ ಉದ್ದದ್ದು. ಹೀಬ್ರೂ ವರ್ಣಮಾಲೆಯಲ್ಲಿ 22 ಅಕ್ಷರಗಳು. ಒಂದೊಂದು ಅಕ್ಷರಕ್ಕೆ ಎಂಟೆಂಟು ವಚನಗಳು, ಎಂಟೂ ಅದೇ ಅಕ್ಷರದಿಂದ ಶುರು. ದೇವರ ಧರ್ಮಶಾಸ್ತ್ರವನ್ನು ಹೊಗಳಲು ಇಷ್ಟೆಲ್ಲ ಅಕ್ಷರದ ಆಟ ಬೇಕಿತ್ತೇ? ಬೇಕಿರಲಿಲ್ಲ. ಬೇಕಿಲ್ಲದ್ದನ್ನು ಪ್ರೀತಿಯಿಂದ ಮಾಡಿದ್ದೇ ಅದರ ಸೊಗಸು. ಯೆರೆಮೀಯನ ಗ್ರಂಥದಲ್ಲಿ ಬಾಬಿಲೋನಿಗೆ ಶೇಷಕ್ ಎಂಬ ವಿಚಿತ್ರ ಹೆಸರು ಬರುತ್ತದೆ (25:26). ಮೊದಲ ಅಕ್ಷರಕ್ಕೆ ಕೊನೆಯ ಅಕ್ಷರ, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು ಎಂದು ವರ್ಣಮಾಲೆಯನ್ನು ತಿರುಗಿಸಿ ಬರೆದಾಗ ಬಾಬೆಲ್ ಎಂಬುದು ಶೇಷಕ್ ಆಗುತ್ತದೆ. ಶಾಲೆಯ ಹಿಂದಿನ ಬೆಂಚಿನ ಗುಟ್ಟುಭಾಷೆ ಪ್ರವಾದಿಯ ಗ್ರಂಥದಲ್ಲಿ!

ಇನ್ನೂ ಆಳಕ್ಕೆ ಹೋಗೋಣ. ಜ್ಞಾನೋಕ್ತಿಗಳ 8ನೇ ಅಧ್ಯಾಯದ ಕೊನೆಯ ಭಾಗದಲ್ಲಿ, ದೇವರು ಲೋಕವನ್ನು ಸೃಷ್ಟಿಸುವಾಗ ಸುಜ್ಞಾನ ಅವರ ಪಕ್ಕದಲ್ಲಿತ್ತು ಎಂಬ ವರ್ಣನೆಯಿದೆ. ಅಲ್ಲಿ ಸುಜ್ಞಾನ ದೇವರ ಮುಂದೆ ಆನಂದಿಸುತ್ತಿತ್ತು ಎನ್ನುವಲ್ಲಿ ಬಳಸಿದ ಹೀಬ್ರೂ ಕ್ರಿಯಾಪದಕ್ಕೆ ನಗು, ಆಟ ಎಂಬ ಅರ್ಥಗಳಿವೆ. ಲತೀನ್ ಬೈಬಲ್‌ನಲ್ಲಿ ಸಂತ ಜೆರೋಮರು ‘ಆಡುತ್ತಾ’ ಎಂದೇ ಅನುವಾದಿಸಿದರು. ಇದೇ ಕ್ರಿಯಾಪದ 104ನೇ ಕೀರ್ತನೆಯಲ್ಲೂ ಇದೆ (ವಚನ 26). ಸಮುದ್ರದ ದೈತ್ಯಪ್ರಾಣಿಯನ್ನು ದೇವರು ಸೃಷ್ಟಿಸಿದ್ದು ಅದು ಅಲ್ಲಿ ಆಡಲಿ ಎಂದು. ಮೀನು ಕೊಡಲಿ, ಎಣ್ಣೆ ಕೊಡಲಿ ಎಂದಲ್ಲ.

ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ: ದೇವರಿಗೆ ಯಾವ ಕೊರತೆಯೂ ಇರಲಿಲ್ಲ, ಲೋಕವಿಲ್ಲದೆಯೂ ಅವರು ಪರಿಪೂರ್ಣರು. ಹಾಗಾದರೆ ಲೋಕದಿಂದ ದೇವರಿಗೆ ಏನು ಉಪಯೋಗ? ಏನೂ ಇಲ್ಲ. ಉಪಯೋಗಕ್ಕಲ್ಲ, ಪ್ರೀತಿಯಿಂದ ಸೃಷ್ಟಿಸಿದರು. ನಾವೆಲ್ಲ ಇರುವುದೇ ‘ಉಪಯೋಗವೇನು’ ಎಂಬ ಪ್ರಶ್ನೆಯನ್ನು ದೇವರು ಕೇಳದೆ ಇದ್ದುದರಿಂದ.

ಸಂತ ತೋಮಸ್ ಅಕ್ವಿನಾಸರು ಆಟದ ಬಗ್ಗೆ ಹೇಳುವಾಗ ಒಂದು ಹಳೆಯ ಕಥೆಯನ್ನು ನೆನೆಯುತ್ತಾರೆ. ಸಂತ ಯೊವಾನ್ನರು ಶಿಷ್ಯರೊಂದಿಗೆ ಆಡುತ್ತಿರುವುದನ್ನು ಕಂಡು ಕೆಲವರಿಗೆ ಬೇಸರವಾಯಿತಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದ ಒಬ್ಬನಿಗೆ ಯೊವಾನ್ನರು ಬಾಣ ಬಿಡಲು ಹೇಳಿ, ಹೀಗೆಯೇ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿಯುತ್ತದೆ ಎಂದ ಅವನು. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ಒಳ್ಳೆಯ ಕಥೆ. ಆದರೆ ಇದು ಆಟವನ್ನು ವಿಶ್ರಾಂತಿಯಾಗಿ ಮಾತ್ರ ನೋಡುತ್ತದೆ, ನಾಳೆ ಮತ್ತೆ ಬಾಣ ಬಿಡಲು ಇವತ್ತು ಬಿಲ್ಲು ಸಡಿಲಿಸುವುದು. ಅದೇ ಅಕ್ವಿನಾಸರು ಇನ್ನೊಂದು ಕಡೆ ಇನ್ನೂ ದೊಡ್ಡ ಮಾತು ಹೇಳಿದ್ದಾರೆ. ಸುಜ್ಞಾನವನ್ನು ಧ್ಯಾನಿಸುವುದನ್ನು ಆಟಕ್ಕೆ ಹೋಲಿಸಬಹುದು, ಏಕೆಂದರೆ ಎರಡರಲ್ಲೂ ಆನಂದವಿದೆ, ಎರಡನ್ನೂ ಬೇರೆ ಯಾವುದೋ ಫಲಕ್ಕಾಗಿ ಮಾಡುವುದಿಲ್ಲ ಎಂಬುದು ಅವರ ವಿಚಾರ. ರೊಮಾನೊ ಗುವಾರ್ದಿನಿ ಎಂಬ ಗುರುಗಳು 1918ರಲ್ಲಿ ದೈವಾರಾಧನೆಯ ಬಗ್ಗೆ ಬರೆದ ಪ್ರಸಿದ್ಧ ಪುಸ್ತಕದಲ್ಲಿ ಆರಾಧನೆಯ ಆಟದ ಸ್ವಭಾವಕ್ಕೇ ಒಂದು ಅಧ್ಯಾಯ ಮೀಸಲಿಟ್ಟರು. ಬಲಿಪೂಜೆಯಲ್ಲಿ ನಾವು ಹಚ್ಚುವ ದೀಪ, ಹಾಡು, ಧೂಪ, ಮೆರವಣಿಗೆ ಇವನ್ನೆಲ್ಲ ಉಪಯೋಗದ ತಕ್ಕಡಿಯಲ್ಲಿ ತೂಗಿದರೆ ಏನು ಉಳಿಯುತ್ತದೆ?

ಅಂಕ ಹೆಚ್ಚುತ್ತದೆ ಎಂಬ ವಾದ ಬೇಡ

ಇಲ್ಲಿ ಒಂದು ಸುಲಭದ ದಾರಿ ಇದೆ. “ಒಗಟು ಬಿಡಿಸಿದರೆ ಬುದ್ಧಿ ಚುರುಕಾಗುತ್ತದೆ, ರ‍್ಯಾಂಕ್ ಬರುತ್ತದೆ, ಆದ್ದರಿಂದ ಮಕ್ಕಳನ್ನು ಆಡಲು ಬಿಡಿ” ಎಂದು ಹೇಳುವುದು. ಹೆತ್ತವರು ತಕ್ಷಣ ಒಪ್ಪುತ್ತಾರೆ. ಆದರೆ ನಾನು ಆ ವಾದವನ್ನು ಮಾಡುವುದಿಲ್ಲ. ಬುದ್ಧಿ ಚುರುಕಾಗಬಹುದು, ಆದರೆ ಒಳ್ಳೆಯದೇ. ಆದರೆ ಆ ಕಾರಣಕ್ಕೆ ಒಳಗೆ ಬಿಟ್ಟ ಆಟ ಕೂಲಿ ಆಳಾಗಿ ಒಳಗೆ ಬರುತ್ತದೆ. ಅದಕ್ಕಿಂತ ಬೇಗ ರ‍್ಯಾಂಕ್ ತರುವ ಇನ್ನೊಂದು ಸಿಕ್ಕ ದಿನ ಅದನ್ನು ಹೊರಗೆ ಕಳಿಸುತ್ತೇವೆ.

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಜೊನ್ನಗಿರಿ, ತುಗ್ಗಲಿ ಕಡೆಯ ಹೊಲಗಳಲ್ಲಿ ಜನ ಬಗ್ಗಿ ನಡೆಯುವುದನ್ನು ನೀವೆಲ್ಲ ಬಲ್ಲಿರಿ. ಮಳೆ ಮೇಲ್ಮಣ್ಣನ್ನು ತೊಳೆದಾಗ ವಜ್ರ ಸಿಗಬಹುದೆಂಬ ಆಸೆ. ದೂರದ ಊರುಗಳಿಂದಲೂ ಬರುತ್ತಾರೆ, ಒಮ್ಮೊಮ್ಮೆ ಯಾರಿಗೋ ಸಿಕ್ಕ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಹಸಿವು, ಸಾಲ ಇರುವವರು ಹುಡುಕಲಿ, ಅವರನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಹಾಗೆ ಹುಡುಕುವ ಕಣ್ಣಿಗೆ ವಜ್ರವಲ್ಲದ ಕಲ್ಲು ಕಲ್ಲೇ ಅಲ್ಲ. ಅದೇ ಹೊಲದಲ್ಲಿ ಅಪ್ಪನ ಹಿಂದೆ ನಡೆಯುವ ಮಗು ಗೆರೆ ಇರುವ ಕಲ್ಲು, ಆಮೆಯಂತಿರುವ ಕಲ್ಲು, ಒದ್ದೆಯಾದಾಗ ಮಾತ್ರ ಕೆಂಪಗೆ ಕಾಣುವ ಕಲ್ಲು ಎಂದು ಜೇಬು ತುಂಬಿಕೊಳ್ಳುತ್ತದೆ. ಅಪ್ಪ ಹೊಲದಲ್ಲಿ ಒಂದನ್ನು ಹುಡುಕಿದ. ಮಗು ಹೊಲವನ್ನೇ ನೋಡಿತು. ಬೋಧನೆಯ ಹೆಸರಿನಲ್ಲಿ ನಾವು ಎಲ್ಲ ಮಕ್ಕಳ ಕಣ್ಣನ್ನೂ ಅಪ್ಪನ ಕಣ್ಣು ಮಾಡುತ್ತಿದ್ದೇವೆ.

ಇದರಿಂದ ನಷ್ಟವಾಗುವುದು ಎಲ್ಲಿ? ಮೊದಲನೆಯದಾಗಿ ಪ್ರಾರ್ಥನೆಯಲ್ಲಿ. ಎಲ್ಲದಕ್ಕೂ ಪ್ರತಿಫಲ ಬೇಕು ಎಂದು ಕಲಿತ ಮನಸ್ಸು ದೇವರ ಮುಂದೆಯೂ ಅದನ್ನೇ ಕೇಳುತ್ತದೆ. ಪರೀಕ್ಷೆಗೆ ಮುಂಚೆ ಮೇಣದಬತ್ತಿ, ಫಲಿತಾಂಶ ಬಂದ ಮೇಲೆ ಖಾಲಿ ಬೆಂಚು. ಸುಮ್ಮನೆ ದೇವರ ಸನ್ನಿಧಿಯಲ್ಲಿ ಕುಳಿತಿರುವುದು ಅದಕ್ಕೆ ಅರ್ಥವಾಗುವುದೇ ಇಲ್ಲ. ಎರಡನೆಯದು ಇನ್ನೂ ನೋವಿನದು. ಪ್ರತಿ ವರ್ಷ ಇಂಟರ್ ಫಲಿತಾಂಶದ ವಾರ ಪತ್ರಿಕೆ ತೆರೆಯಲು ಕೈ ನಡುಗುತ್ತದೆ. ಉಪಯೋಗವೇ ಬೆಲೆ ಎಂದು ಹದಿನೇಳು ವರ್ಷ ಕೇಳಿಸಿಕೊಂಡ ಮಗು, ಅಂಕ ಕಡಿಮೆ ಬಂದ ದಿನ ಆ ಪ್ರಶ್ನೆಯನ್ನು ತನ್ನ ಕಡೆಗೇ ತಿರುಗಿಸಿಕೊಳ್ಳುತ್ತದೆ: ನನ್ನಿಂದ ಏನು ಉಪಯೋಗ? ಹಾಸಿಗೆ ಹಿಡಿದ ಅಜ್ಜ, ನಡೆಯಲಾರದ ತಂಗಿ ಕೂಡ ಅದೇ ಪ್ರಶ್ನೆಯನ್ನು ನುಂಗಿಕೊಂಡು ಬದುಕುತ್ತಾರೆ. ಆ ಘಟ್ಟದಲ್ಲಿ ‘ನೀನು ಇರುವುದೇ ನಮಗೆ ಸಂತೋಷ’ ಎಂಬ ನಮ್ಮ ಮಾತನ್ನು ಅವರು ನಂಬಬೇಕಾದರೆ, ಅಷ್ಟು ವರ್ಷ ನಮ್ಮ ಮನೆಯಲ್ಲಿ ಉಪಯೋಗವಿಲ್ಲದ ಯಾವುದಕ್ಕಾದರೂ ನಾವು ಸಂತೋಷಪಟ್ಟದ್ದನ್ನು ಅವರು ನೋಡಿರಬೇಕು.

ಕೆಲವು ಆಕ್ಷೇಪಗಳು

“ಇದು ಹೊಟ್ಟೆ ತುಂಬಿದವರ ಮಾತು” ಎನ್ನುವವರಿದ್ದಾರೆ. ನಮ್ಮ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಬಿದ್ದಾಗ ರೈತ ಬುಟ್ಟಿಗಟ್ಟಲೆ ರಸ್ತೆಗೆ ಸುರಿಯುತ್ತಾನೆ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಮಕ್ಕಳನ್ನೂ ಕರೆದುಕೊಂಡು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಹೋಗುತ್ತವೆ. ಅಂಥವರಿಗೆ ಆಟದ ಯೋಚನೆಯ ಉಪದೇಶವೇ? ಈ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ಬಡತನಕ್ಕೆ ಒಗಟು ಮದ್ದಲ್ಲ, ಅದಕ್ಕೆ ನ್ಯಾಯವಾದ ಬೆಲೆ, ಕೂಲಿ, ನೀರು ಬೇಕು. ಆದರೆ ನೋಡಿ, ನಮ್ಮ ಒಗಟುಗಳೆಲ್ಲ ಹುಟ್ಟಿದ್ದು ಬಂಗಲೆಗಳಲ್ಲಲ್ಲ. ಕಳೆ ಕೀಳುವಾಗ, ಶೇಂಗಾ ಬಿಡಿಸುವಾಗ, ಬೀಸುವಾಗ. ಹುಲಿ-ಕುರಿ ಆಟಕ್ಕೆ ಒಂದು ಬಂಡೆ, ನಾಲ್ಕು ಕಲ್ಲು ಸಾಕು. ಹಂಪಿಯ ಮಂಟಪಗಳ ಕಲ್ಲುಹಾಸಿನಲ್ಲಿ ಯಾರೋ ಕೊರೆದ ಆಟದ ಮನೆಗಳನ್ನು ಈಗಲೂ ನೋಡಬಹುದು. ಬಡವರು ಆಟದ ಯೋಚನೆಯನ್ನು ಎಂದೂ ಬಿಟ್ಟಿರಲಿಲ್ಲ. ‘ನಿನ್ನಂಥವನಿಗೆ ಇದೆಲ್ಲ ಯಾಕೆ’ ಎಂದು ಅವರ ಮಕ್ಕಳಿಂದ ಅದನ್ನು ಕಿತ್ತುಕೊಳ್ಳುತ್ತಿರುವವರು ನಾವು.

ದುಃಖದಲ್ಲಿ ಆಟ ಸಲ್ಲದು ಎನ್ನುವವರು ಪ್ರಲಾಪಗಳ ಗ್ರಂಥ ನೋಡಲಿ. ಜೆರುಸಲೇಮ್ ಸುಟ್ಟುಹೋಗಿದೆ, ಮಕ್ಕಳು ಬೀದಿಯಲ್ಲಿ ಹಸಿವಿನಿಂದ ಬಿದ್ದಿದ್ದಾರೆ. ಅದನ್ನು ಕಂಡು ಅಳುವ ಕವಿ ಮೊದಲ ನಾಲ್ಕು ಅಧ್ಯಾಯಗಳನ್ನೂ ಅಕ್ಷರಮಾಲೆಯ ಕ್ರಮದಲ್ಲಿ ಹೆಣೆದಿದ್ದಾನೆ, ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರು ವಚನ. ಎಲ್ಲವನ್ನೂ ಕಳೆದುಕೊಂಡವನ ಕೈಯಲ್ಲೂ 22 ಅಕ್ಷರಗಳು ಉಳಿದಿದ್ದವು.

“ತಲೆಂತುಗಳ ಸಾಮತಿಯಲ್ಲಿ ಸೋಮಾರಿಗೆ ಶಿಕ್ಷೆಯಾಗಲಿಲ್ಲವೇ?” ಎಂದು ಇನ್ನು ಕೆಲವರು ಕೇಳುತ್ತಾರೆ. ಆಯಿತು, ಆದರೆ ಯಾಕೆ? ಭಯದಿಂದ ಹಣವನ್ನು ಹೂತಿಟ್ಟದ್ದಕ್ಕೆ. ಮನಸ್ಸೆಂಬ ತಲೆಂತನ್ನು ಪಠ್ಯಪುಸ್ತಕದ ಕೆಳಗೆ ಹೂತಿಟ್ಟು ‘ಇದೋ, ಕೊಟ್ಟಷ್ಟೇ ಹಾಗೆಯೇ ಇದೆ’ ಎಂದು ಒಪ್ಪಿಸುವುದೂ ಅದೇ ಅಲ್ಲವೇ? ಹಾಗೆಂದು ಆಟಕ್ಕೆ ಎಲ್ಲೆ ಇಲ್ಲ ಎಂದಲ್ಲ. ಹೊತ್ತು, ಸ್ಥಳ, ಜನ ನೋಡಿ ಆಡಬೇಕು, ಅಸಹ್ಯವಾದುದು ಮತ್ತು ಇತರರಿಗೆ ಕೆಡುಕು ಮಾಡುವಂಥದ್ದು ಬೇಡ ಎಂದು ಅಕ್ವಿನಾಸರೇ ಎಚ್ಚರಿಸಿದ್ದಾರೆ. ಒಬ್ಬರ ಜಾತಿ, ಬಣ್ಣ, ಉಚ್ಚಾರಣೆ ಹಿಡಿದು ನಗುವುದು ಆಟವಲ್ಲ. ಹಕಾರ ಬರದವನ ಜೊತೆ ಕೂತು ‘ಆವು’ ಎಂದು ನಗಬೇಕು, ಅವನನ್ನು ನೋಡಿ ಅಲ್ಲ.

ಇನ್ನೊಂದು ಎಚ್ಚರಿಕೆ ಸಂಸೋನನ ಕಥೆಯಲ್ಲಿದೆ (ನ್ಯಾಯಸ್ಥಾಪಕರು 14). ಮದುವೆಯ ಔತಣದಲ್ಲಿ ಅವನು ಸಿಂಹ ಮತ್ತು ಜೇನಿನ ಬಗ್ಗೆ ಸೊಗಸಾದ ಒಗಟು ಹೇಳಿದ. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರೂ ನಕ್ಕು ಊಟ ಮಾಡುತ್ತಿದ್ದರು. ಅವನು ಮೂವತ್ತು ಜೊತೆ ಬಟ್ಟೆಗಳ ಪಣ ಇಟ್ಟ. ಪಣ ಬಂದೊಡನೆ ಒಗಟು ಮರೆಯಾಯಿತು. ವಧುವಿಗೆ ಬೆದರಿಕೆ, ಅವಳ ಕಣ್ಣೀರು, ಗುಟ್ಟು ರಟ್ಟು, ಕೊನೆಗೆ ಪಣ ತೀರಿಸಲು ಮೂವತ್ತು ಜನರ ಕೊಲೆ. ಮುಂದೆ ಕಣ್ಣು ಕಳೆದುಕೊಂಡ ಸಂಸೋನನನ್ನು ವೈರಿಗಳು ತಮ್ಮ ಮೋಜಿಗೆ ಆಡಿಸಲು ಕರೆತರುವಾಗ (16:25) ಬರುವ ಹೀಬ್ರೂ ಕ್ರಿಯಾಪದವೂ ಸುಜ್ಞಾನ ದೇವರ ಮುಂದೆ ಆಡಿದ ಅದೇ ಪದ. ಪದ ಒಂದೇ, ಆದರೆ ಬಲವಂತದಿಂದ ಆಡಿಸಿದ್ದು ಆಟವಲ್ಲ.

ನಾವೇನು ಮಾಡಬಹುದು?

ನನ್ನ ಸಲಹೆಗಳು ಚಿಕ್ಕವು. ನಮ್ಮ ಹಬ್ಬಗಳಲ್ಲಿ ಬೈಬಲ್ ಕ್ವಿಜ್ ಇರುತ್ತದೆ, ಸ್ಟೀಲ್ ಡಬ್ಬಿ, ಟಿಫಿನ್ ಬಾಕ್ಸ್ ಬಹುಮಾನ ಇರುತ್ತದೆ. ಅದು ಇರಲಿ. ಅದರ ಜೊತೆಗೆ ಧರ್ಮೋಪದೇಶ ತರಗತಿ ಮುಗಿದ ಮೇಲೆ ಹತ್ತು ನಿಮಿಷ ಅಂಕವಿಲ್ಲದ, ಬಹುಮಾನವಿಲ್ಲದ ಹೊತ್ತು ಇರಲಿ. ಯಾರಾದರೂ ಒಂದು ಒಗಟು, ಒಂದು ವಿಚಿತ್ರ ಪ್ರಶ್ನೆ, ಎರಡು ಭಾಷೆಗಳ ನಡುವೆ ಸಿಕ್ಕ ಒಂದು ಪದ ತರಲಿ. ಉತ್ತರ ಸಿಗದಿದ್ದರೆ ಮುಂದಿನ ಭಾನುವಾರದವರೆಗೆ ತಲೆಯಲ್ಲಿ ಓಡಾಡಲಿ. 119ನೇ ಕೀರ್ತನೆಯಂತೆ ಅ, ಆ, ಇ, ಈ ಕ್ರಮದಲ್ಲಿ ದೇವರಿಗೆ ವಂದನೆಯ ಸಾಲುಗಳನ್ನು ಯುವಕರೆಲ್ಲ ಕೂಡಿ ಕಟ್ಟಿನೋಡಿ, ‘ಋ’ ಬಂದಾಗ ಗೊತ್ತಾಗುತ್ತದೆ ಮಜಾ. ಎರ್ರಗುಡಿಗೆ ಒಮ್ಮೆ ಹೋಗಿ ಬನ್ನಿ, ವರದಿ ಬರೆಸಬೇಡಿ. ಎತ್ತಿನಂತೆ ತಿರುಗುವ ಸಾಲುಗಳನ್ನು ಮಕ್ಕಳು ಬೆರಳು ಗಾಳಿಯಲ್ಲಾಡಿಸಿ ಹಿಂಬಾಲಿಸಲಿ, ಕಲ್ಲನ್ನು ಮುಟ್ಟದಿರಲಿ.

ಹೆತ್ತವರಲ್ಲಿ ಒಂದೇ ಕೋರಿಕೆ. ಮಗು ಅರ್ಥವಿಲ್ಲದ ಪ್ರಶ್ನೆ ತಂದಾಗ ‘ಏನು ಉಪಯೋಗ’ ಎನ್ನುವ ಬದಲು ಒಮ್ಮೆ ‘ಹೌದಲ್ಲ!’ ಎಂದು ನೋಡಿ. ಖರ್ಚು ಏನಿಲ್ಲ.

ಜೆಕರ್ಯ ಪ್ರವಾದಿ ದೇವರು ಪುನಃ ಕಟ್ಟುವ ಜೆರುಸಲೇಮನ್ನು ಕಂಡಾಗ (8:4-5) ಅಲ್ಲಿ ಮುದುಕ ಮುದುಕಿಯರು ಕೋಲು ಹಿಡಿದು ಬೀದಿಯಲ್ಲಿ ಕುಳಿತಿದ್ದರು, ಬೀದಿ ತುಂಬ ಹುಡುಗ ಹುಡುಗಿಯರು ಆಡುತ್ತಿದ್ದರು. ಇಲ್ಲೂ ಅದೇ ಕ್ರಿಯಾಪದ. ದುಡಿಯಲಾರದವರು ಮತ್ತು ಇನ್ನೂ ದುಡಿಯದವರು, ನಮ್ಮ ಲೆಕ್ಕದಲ್ಲಿ ಉಪಯೋಗವಿಲ್ಲದ ಇಬ್ಬರೂ, ದೇವರ ನಗರದ ಬೀದಿಯನ್ನು ತುಂಬಿದ್ದರು. ನಮ್ಮ ಧರ್ಮಕೇಂದ್ರದ ಅಂಗಳವೂ ಹಾಗೆ ಕಾಣಲಿ ಎಂಬುದು ನನ್ನ ಪ್ರಾರ್ಥನೆ.

ಹೋಗುವ ಮುನ್ನ ಮಹಾವೀರಾಚಾರ್ಯರ ಇನ್ನೊಂದು ಹಾರ: 142857143ನ್ನು 7ರಿಂದ ಗುಣಿಸಿ. ಏನು ಬಂತು? ಹಾಗೆ ಯಾಕೆ ಬಂತು? ಇದಕ್ಕೆ ಬಹುಮಾನ ಇಲ್ಲ.